ಗೇಣುದ್ದದ ಪೈಪು

ನನ್ನ ಮೇಜಿನ ಮೇಲೆ ಗೇಣುದ್ದದ ಒಂದು ಪಿವಿಸಿ ಪೈಪಿನ ತುಂಡು, ರಟ್ಟಿನ ಚೌಕವೊಂದಕ್ಕೆ ಅಂಟಿಕೊಂಡು ನೆಟ್ಟಗೆ ನಿಂತಿದೆ. ಎರಡು ಕೆಂಪು ಪೆನ್ನು, ಕಾಲು ಸಡಿಲವಾದ ಒಂದು ಕೈವಾರ, ನನ್ನ ಹೆಂಡತಿ ಯಾವಾಗಲೋ ತುರುಕಿಟ್ಟ ಅರ್ಧ ಪೊಟ್ಟಣ ಊದುಬತ್ತಿ ಮೊನ್ನೆಯವರೆಗೂ ಅದರೊಳಗೆ ಬಿಡಾರ ಹೂಡಿದ್ದವು. ಅದರ ಬಂಧುಬಳಗವೆಲ್ಲ ಹೊಲತೋಟಗಳಲ್ಲಿ ನೀರು ಹರಿಸುತ್ತಿದ್ದರೆ, ಇದಕ್ಕೆ ವಹಿಸಿದ್ದ ಕೆಲಸವೇ ಬೇರೆ: ಇದು ಬಿಸಿಲನ್ನು ಹರಿಸಬೇಕಾಗಿತ್ತು. ಇದನ್ನು ನೋಡಿದಾಗಲೆಲ್ಲ ನನ್ನಲ್ಲಿ ಒಂದು ಹಂಬಲವೂ ಅದರ ಬೆನ್ನಿಗೇ ಒಂದು ನಾಚಿಕೆಯೂ ಏಳುತ್ತವೆ. ಎರಡನ್ನೂ ನಿಮ್ಮ ಮುಂದೆ ಇಟ್ಟುಬಿಡುತ್ತೇನೆ.

ನಾನು ಕೊಡಿಗೇನಹಳ್ಳಿ ಕಡೆಯ ಪ್ರೌಢಶಾಲೆಯೊಂದರ ಗಣಿತದ ಮೇಷ್ಟ್ರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಗಣಿತ ಮತ್ತು ವಿಜ್ಞಾನದ ಶಿಕ್ಷಕರನ್ನು ಆಗಾಗ ಮಧುಗಿರಿಗೆ ಕರೆಸಿ ಕಾರ್ಯಾಗಾರ ನಡೆಸುತ್ತಾರೆ. ವರ್ಷವಿಡೀ ಮಕ್ಕಳಿಗೆ 'ಮಾತಾಡಬೇಡಿ, ಮುಂದೆ ಬನ್ನಿ' ಎಂದು ಗದರುವ ನಾವು ಅಲ್ಲಿ ಹಿಂದಿನ ಬೆಂಚಿಗಾಗಿ ಪೈಪೋಟಿ ನಡೆಸುತ್ತೇವೆ. ಸಂಪನ್ಮೂಲ ವ್ಯಕ್ತಿಗಳು ಬೋರ್ಡಿನ ಕಡೆ ತಿರುಗಿದೊಡನೆ ಕಿಸಕ್ಕೆಂದು ನಗುತ್ತೇವೆ. ಸಂಜೆಯ ಸಹಿ ಪುಸ್ತಕ ಬರುವ ಮೊದಲೇ ಬಸ್ಸಿನ ಚಿಂತೆ ಹಚ್ಚಿಕೊಳ್ಳುತ್ತೇವೆ. ಹೊರಗೆ ಬೃಹತ್ತಾದ ಬೋಳು ಬಂಡೆಯ ಬೆಟ್ಟ. ಒಳಗೆ ಕತ್ತರಿ, ಗೋಂದು, ರಟ್ಟುಗಳ ನಡುವೆ ಕೂತ, ತಲೆ ನರೆತ ಬಾಲಕ ಬಾಲಕಿಯರು. ಬಯ್ದುಕೊಂಡೇ ಹೋಗುತ್ತಿದ್ದೆನಾದರೂ ಆ ಬಾಲಕನಾಗುವ ಆಸೆ ನನಗೆ ಇಂದಿಗೂ ತೀರಿಲ್ಲ.

ಅಲ್ಲಿ ಸಿಕ್ಕವರು ಓಬಳೇಶ್, ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆ ಕಡೆಯ ವಿಜ್ಞಾನದ ಮೇಷ್ಟ್ರು; ಆಂಧ್ರದ ಗಡಿಯವರಾದ್ದರಿಂದ ಅವರ ಮಾತಿನ ನಡುವೆ ತೆಲುಗು ನುಸುಳುತ್ತದೆ. ಒಬ್ಬ ಗಣಿತದವರಿಗೆ ಒಬ್ಬ ವಿಜ್ಞಾನದವರನ್ನು ಜೋಡಿ ಮಾಡುವುದು ಅಲ್ಲಿನ ಪದ್ಧತಿ. ನಾಲ್ಕು ವರ್ಷದ ಹಿಂದಿನ ಒಂದು ಜುಲೈನಲ್ಲಿ ನಾವಿಬ್ಬರೂ ಕೂಡಿ ಇಂಥ ಎರಡು ಪೈಪುಗಳನ್ನು ಕತ್ತರಿಸಿದೆವು. ವರ್ಷಕ್ಕೆ ಎರಡೇ ಎರಡು ಸಲ ನಮ್ಮ ಕಡೆ ಸೂರ್ಯ ನಡುನೆತ್ತಿಗೆ ಬರುತ್ತಾನೆ; ಆ ಗಳಿಗೆಯಲ್ಲಿ ನೆಟ್ಟಗೆ ನಿಲ್ಲಿಸಿದ ಪೈಪಿಗೆ ಹೊರಗೆ ನೆರಳೇ ಇರುವುದಿಲ್ಲ, ಒಳಗೆ ತಳದಲ್ಲಿ ದುಂಡನೆಯ ಬೆಳಕಿನ ಬಿಲ್ಲೆಯೊಂದು ಬೀಳುತ್ತದೆ. ಆಗಸ್ಟಿನಲ್ಲಿ ಓಬಳೇಶರ ಊರಿಗೆ ಅದು ಸ್ವಾತಂತ್ರ್ಯೋತ್ಸವದ ಹಿಂದಿನ ದಿನ. ನಮ್ಮೂರಿಗೆ ಬರುವಷ್ಟರಲ್ಲಿ ಉತ್ಸವದ ಮರುದಿನ. ನಡುವಿನ ದಾರಿಗೆ ಸೂರ್ಯನಿಗೆ ಎರಡು ದಿನ ಬೇಕು, ನಮ್ಮ ಬಸ್ಸು ಎಷ್ಟೋ ವಾಸಿ ಎಂದು ನಕ್ಕಿದ್ದೆವು.

ನಮ್ಮೂರಿನ ದಿನ ಬಂತು. ಮಕ್ಕಳೆಲ್ಲ ಪೈಪಿನ ಸುತ್ತ ಕುಕ್ಕರುಗಾಲಿನಲ್ಲಿ ಕೂತರು. ಹನ್ನೆರಡೂ ಇಪ್ಪತ್ತೈದರ ಸುಮಾರಿಗೆ ಆಗಬೇಕಾದದ್ದು. ಹನ್ನೆರಡಕ್ಕೆ ಹಿಂದೂಪುರದ ದಿಕ್ಕಿನಿಂದ ಮೋಡ ಬಂದು ನಿಂತಿತು, ಒಂದು ಗಂಟೆಯವರೆಗೂ ಕದಲಲಿಲ್ಲ. ಮಕ್ಕಳು ತಟ್ಟೆ ಹಿಡಿದು ಊಟಕ್ಕೆ ಹೋದರು.

ಇಷ್ಟಾಗಿದ್ದರೆ ಹಂಬಲವೊಂದೇ ಉಳಿಯುತ್ತಿತ್ತು. ಆದರೆ ನಮ್ಮ ವೃತ್ತಿಯಲ್ಲಿ ಒಂದು ಚಾಳಿಯಿದೆ: ಕಾರ್ಯಾಗಾರ ಮುಗಿಸಿ ಬಂದವರು ಶಾಲೆಯಲ್ಲಿ ಮಾಡಿಸಿದ ಚಟುವಟಿಕೆಯ ವರದಿಯನ್ನು ಒಪ್ಪಿಸಬೇಕು, ವರದಿಯಲ್ಲಿ ಯಾವ ಚಟುವಟಿಕೆಯೂ ಕೆಡುವುದಿಲ್ಲ. ಬೀಜಗಳೆಲ್ಲ ಮೊಳೆಯುತ್ತವೆ, ಬಲ್ಬುಗಳೆಲ್ಲ ಉರಿಯುತ್ತವೆ. ನನ್ನ ಕೈಯೂ ತಾನೇ ತಾನಾಗಿ ಬರೆಯಿತು: 'ನೆರಳು ಮಾಯವಾದುದನ್ನು ಕಂಡು ಮಕ್ಕಳು ಚಪ್ಪಾಳೆ ತಟ್ಟಿ ಸಂಭ್ರಮಿಸಿದರು.' ಮುಂದಿನ ಕಾರ್ಯಾಗಾರದಲ್ಲಿ ಅದನ್ನು ಮಾದರಿ ವರದಿಯೆಂದು ಗಟ್ಟಿಯಾಗಿ ಓದಿದರು. ಓಬಳೇಶರ ವರದಿಯನ್ನೂ ಓದಿದರು, ನಗಿಸುವುದಕ್ಕೆ. ಅದರಲ್ಲಿದ್ದದ್ದು ಎರಡೇ ಮಾತು: 'ಮೋಡ. ಕಾಣಲಿಲ್ಲ.'

ಎಲ್ಲರೂ ನಕ್ಕರು, ನಾನೂ ನಕ್ಕೆ. ಚಹಾದ ಹೊತ್ತಿಗೆ ಓಬಳೇಶ್ ಲೋಟ ಹಿಡಿದು ನನ್ನ ಹತ್ತಿರ ಬಂದರು. ಅವರ ಮುಖದಲ್ಲಿ ಅಸೂಯೆಯ ಎಳೆಯೂ ಇರಲಿಲ್ಲ.

"ನಿಜಂಗಾನಾ ಸಾರ್? ಕಾಣ್ತಾ? ಹೆಂಗಿತ್ತು ಹೇಳಿ ಸಾರ್, ಒಳಗೆ ಬೆಳಕು ಹೆಂಗೆ ಬಿತ್ತು?"

ಆಗಲಾದರೂ ಬಾಯಿ ಬಿಡಬಹುದಿತ್ತು. "ತಳದಾಗೆ ಕಾಸಗಲ ಬಿತ್ತು ಓಬಳೇಶ್ ಸಾರ್, ಹುಣ್ಣಿಮೆ ಚಂದ್ರ ಇದ್ದಂಗಿತ್ತು" ಎಂದುಬಿಟ್ಟೆ. ಅವರು ಕಣ್ಣು ಮುಚ್ಚಿಕೊಂಡು ಅದನ್ನು ನೋಡಿದರು.

ಅಂದಿನಿಂದ ನಾನು ಆ ಬಿಲ್ಲೆಗಾಗಿ ಹಾತೊರೆದಷ್ಟು ಇನ್ನಾವುದಕ್ಕೂ ಹಾತೊರೆದಿಲ್ಲ. ಒಂದು ಸಲ ನಿಜವಾಗಿ ಕಂಡುಬಿಟ್ಟರೆ ನನ್ನ ಸುಳ್ಳು ಬರೀ ಅವಸರದ ನಿಜವಾಗಿಬಿಡುತ್ತದೆ ಎಂಬ ಲೆಕ್ಕಾಚಾರ ನನ್ನದು. ಆದರೆ ಆಕಾಶದ ವೇಳಾಪಟ್ಟಿಗೂ ಇಲಾಖೆಯ ವೇಳಾಪಟ್ಟಿಗೂ ಹೊಂದಿಕೆಯಿಲ್ಲ. ಸೂರ್ಯನ ಮೊದಲ ಭೇಟಿ ಏಪ್ರಿಲ್ ಕೊನೆಗೆ: ಬಿಸಿಲು ಧಗಧಗ, ಮಕ್ಕಳಿಗೆ ಬೇಸಿಗೆ ರಜೆ. ಎರಡನೆಯದು ಆಗಸ್ಟಿಗೆ: ಮಕ್ಕಳು ಹಾಜರು, ಬಿಸಿಲು ಗೈರುಹಾಜರು. ಏಪ್ರಿಲ್‌ನಲ್ಲಿ ಒಬ್ಬನೇ ಅಂಗಳದಲ್ಲಿ ನಿಂತು ನೋಡಬಹುದಿತ್ತಲ್ಲ ಎನ್ನುತ್ತೀರಿ. ಓಬಳೇಶರಿಗೆ ಇದನ್ನೇ ಸೂಚಿಸಿದ್ದೆ. "ಮಕ್ಳಿಲ್ದೆ ನಾನೊಬ್ನೇ ನೋಡಿ ಏನ್ ಮಾಡ್ಲಿ ಸಾರ್" ಎಂದಿದ್ದರು. ಆ ಮಾತು ಕೇಳಿದ ಮೇಲೆ ಒಬ್ಬನೇ ನೋಡುವುದು ಕದ್ದು ತಿಂದಂತೆ ಎನಿಸಿತು. ಪೈಪಿಗೆ ಪೆನ್ನುಗಳು ಬಂದು ಸೇರಿದ್ದು ಆಗಲೇ.

ಈ ಆಗಸ್ಟ್ ನನ್ನ ಸೇವೆಯ ಕೊನೆಯ ಆಗಸ್ಟ್, ಮಾರ್ಚಿಗೆ ನಿವೃತ್ತಿ. ಅಂದು ಬೆಳಗಿನಿಂದ ಬಿಸಿಲಿತ್ತು. ಹನ್ನೆರಡು ಗಂಟೆಗೆ ಪೈಪಿನ ನೆರಳು ಬೆರಳಗಲಕ್ಕೆ ಇಳಿದಿತ್ತು, ಹನ್ನೆರಡೂಕಾಲಿಗೆ ಉಗುರಿನಷ್ಟಾಯಿತು. ಒಳಗೆ ಬೆಳಕು ತಳದ ಅರ್ಧವನ್ನು ಮುಟ್ಟಿ ಅರೆಚಂದ್ರನಂತೆ ನಿಂತಿತ್ತು. ಉಸಿರು ಹಿಡಿದು ಕೂತೆವು. ಹನ್ನೆರಡೂ ಇಪ್ಪತ್ತಕ್ಕೆ ಒಂದು ಮೋಡ ಬಂದು ಸೂರ್ಯನಿಗೆ ಅಡ್ಡ ನಿಂತಿತು. ಒಂದೇ ಒಂದು, ಇಡೀ ಆಕಾಶದಲ್ಲಿ.

"ಹೋಯ್ತು ಸಾ" ಎಂದಳು ಒಂಬತ್ತನೆಯ ತರಗತಿಯ ಹುಡುಗಿ. "ಏನಂತ ಬರ್ಕೊಳಾಣ ಸಾ?"

ಪುಟ್ಟ ಪ್ರಶ್ನೆ. "ಮೋಡ. ಕಾಣಲಿಲ್ಲ. ಅಂತ ಬರ್ಕೋ ಕಣಮ್ಮ" ಎಂದೆ. ನನ್ನ ವರದಿಯಲ್ಲೂ ಅದನ್ನೇ ಬರೆದು ಸಹಿ ಹಾಕಿದೆ.

ಸಂಜೆ ಓಬಳೇಶರಿಗೆ ಫೋನು ಮಾಡಿದೆ. ಅವರಿಗೂ ಎರಡು ದಿನದ ಹಿಂದೆ ಮೋಡವೇ. "ಓಬಳೇಶ್ ಸಾರ್, ನಾಲ್ಕು ವರ್ಷದ ಹಿಂದೇನೂ ನಮ್ಮೂರಾಗೆ ಮೋಡಾನೇ ಇತ್ತು. ನಾನು ಏನೂ ನೋಡ್ಲಿಲ್ಲ" ಎಂದೆ.

ಓಬಳೇಶ್ ಮೆಲ್ಲಗೆ ಹೇಳಿದರು: "ಪ್ರತಿ ವರ್ಷ ಮೋಡ ಬಂದಾಗ ನಮ್ಮ ಮಕ್ಳಿಗೆ ಹೇಳ್ತಿದ್ದೆ ಸಾರ್, ಮಧುಗಿರಿ ಕಡೆ ನಮ್ಮ ಸಾರ್ ಒಬ್ರು ನೋಡವ್ರೆ, ಒಂದಿನ ನಮ್ಗೂ ಕಾಣ್ತದೆ ಅಂತ."

ನನಗೆ ಕೂರಲಾಗಲಿಲ್ಲ, ನಿಲ್ಲಲಾಗಲಿಲ್ಲ. ತಪ್ಪಾಯಿತೆಂದೆ.

"ಪರವಾಲೇದು ಸಾರ್" ಎಂದರು. "ಆದ್ರೆ ನಮ್ಮ ಮಕ್ಳಿಗೆ ಇದನ್ನ ನಾನು ಹೇಳಲ್ಲ, ನೀವೇ ಬಂದು ಹೇಳ್ಬೇಕು. ಏಪ್ರಿಲ್‌ಗೆ ಹೆಂಗೂ ನಿಮ್ಮೂರಿಗೆ ಮೊದ್ಲು ಬರ್ತಾನಲ್ಲ ಸೂರ್ಯ, ಅವನ ಹಿಂದೇನೇ ಬಂದ್ಬುಡಿ. ರಜಾ ಆದ್ರೂ ಹತ್ತು ಮಕ್ಳನ್ನ ಸೇರಿಸ್ತೀನಿ. ಪೈಪು ಮರೀಬೇಡಿ."

ಫೋನಿಟ್ಟು, ಶಾಲೆಯಿಂದ ಬಂದೊಡನೆ ಮತ್ತೆ ಪೈಪಿಗೆ ತುರುಕಿದ್ದ ಪೆನ್ನು, ಕೈವಾರ, ಊದುಬತ್ತಿ ಎಲ್ಲವನ್ನೂ ಹೊರಗೆ ತೆಗೆದೆ. ಒದ್ದೆ ಬಟ್ಟೆಯಿಂದ ಒಳಗೆಲ್ಲ ಒರೆಸಿದೆ. ಏಪ್ರಿಲ್‌ಗೆ ಇನ್ನೂ ಎಂಟು ತಿಂಗಳಿದೆ, ಈಗಲೇ ಯಾಕೆ ಎಂದಳು ಹೆಂಡತಿ. ಇರಲಿ, ಖಾಲಿಯಾಗಿಯೇ ಇರಲಿ ಎಂದೆ.