ಎಂಜಿನ್ನಿನ ಕೆಳಗಿನ ರೊಟ್ಟಿಹಿಟ್ಟು

ಕೋಳಿ ಕೂಗುವ ಮೊದಲೇ ಗುರುಶಾಂತವ್ವ ಒಲೆಯ ಬೂದಿ ತೆಗೆದಳು, ಅಂಗಳ ಸಾರಿಸಿದಳು, ಬಾವಿಯಿಂದ ಎಂಟು ಕೊಡ ನೀರು ಸೇದಿದಳು. ಮೊದಲ ಕೊಡ ಮಾವನ ಲಿಂಗಪೂಜೆಗೆ. ಗಂಡ ಅಂದಾನಪ್ಪನ ಗ್ರೀಸು ಹತ್ತಿದ ಅಂಗಿಯನ್ನು ಸೋಡಾ ನೀರಲ್ಲಿ ನೆನೆಹಾಕಿದಳು. ಸೀಮೆಎಣ್ಣೆಯಲ್ಲಿ ಅದ್ದಿಟ್ಟ ನಟ್ಟು ಬೋಲ್ಟುಗಳನ್ನು ಒರೆಸಿ ಜೋಡಿಸಿದಳು. ಬುತ್ತಿ ಕಟ್ಟಿ ಅವನನ್ನು ಹುಬ್ಬಳ್ಳಿಯ ಮೊದಲ ಬಸ್ಸಿಗೆ ಕಳಿಸಿ, ಜೋಳದ ಹಿಟ್ಟು ನಾದಲು ಕುಳಿತಳು. ಶಿರಸಿಗೆ ಇನ್ನೂ ಬೆಳಕಾಗಿರಲಿಲ್ಲ.

ಅದು ೧೯೬೧. ಮನೆಯ ಮುಂದಿನ ಚಪ್ಪರವೇ ಅಂದಾನಪ್ಪನ ಗ್ಯಾರೇಜು. ಅಲ್ಲಿ ಮಧುಕೇಶ್ವರ ಸಾಹುಕಾರರ ಹಳೆಯ ಕಾರು ನಿಂತಿತ್ತು. ತುಂಬು ಬಸುರಿ ಮಗಳನ್ನು ಕೂರಿಸಿಕೊಂಡು ಅವರು ಇಂದು ದೇವಿಮನೆ ಘಟ್ಟ ಇಳಿದು ಕುಮಟೆಗೆ ಹೋಗುವವರಿದ್ದರು.

ಹಿಂದಿನ ಸಂಜೆ ಅಂದಾನಪ್ಪ ಕಾರನ್ನು ಒಂದು ಸುತ್ತು ಓಡಿಸಿ ತಂದಾಗ, ಅಂಗಳದ ಗುಂಡಿಯಲ್ಲಿ ಚಕ್ರ ಇಳಿದು ಎಡಕ್ಕೆ ಹೊರಳುವಾಗ ಕಬ್ಬಿಣ ಕಬ್ಬಿಣಕ್ಕೆ ತಾಗಿದ ಸದ್ದು ಅವಳಿಗೆ ಕೇಳಿತ್ತು.

"ಏನೋ ಹಿಡಿದಂಗಾತಲ್ರೀ?"

"ಸ್ಟೇರಿಂಗಿಗೆ ಗ್ರೀಸ್ ಸಾಲದು, ಅಷ್ಟ. ಹಾಕೀನಿ. ನೀ ರೊಟ್ಟಿ ಬಡಿ. ಮುಂಜಾನೆ ಸಾಹುಕಾರ್ರ ಡ್ರೈವರ್ ಕೆರಿಯಪ್ಪ ಬಂದ್ರ ಚಾವಿ ಕೊಡು."

ಆ ವಾರ ಅವನು ಎಂಜಿನ್ ಕೂರುವ ರಬ್ಬರು ಬದಲಿಸಿದ್ದ. ಸರಿಯಾದದ್ದು ಸಿಗದೆ ಹಳೆಯ ಟೈರು ಕತ್ತರಿಸಿ ಹಾಕಿದ್ದ. ಆ ತುಂಡು ತೆಳ್ಳಗಿತ್ತು. ಕತ್ತರಿಸುವಾಗ ಹಿಡಿದುಕೊಂಡಿದ್ದವಳು ಅವಳೇ.

ಅವಳು ನಾದಿದ ಹಿಟ್ಟಿನ ಒಂದು ಉಂಡೆಯನ್ನೂ ಕಂದೀಲನ್ನೂ ಹಿಡಿದು, ಸೀರೆ ಮೇಲೆ ಕಟ್ಟಿ ಕಾರಿನ ಕೆಳಗೆ ತೂರಿದಳು. ಎಂಜಿನ್ನಿನ ಎಣ್ಣೆ ಚೇಂಬರಿಗೂ ಅದರಡಿಯ ಸ್ಟೇರಿಂಗ್ ರಾಡಿಗೂ ನಡುವೆ, ಒಂದಕ್ಕೊಂದು ತಾಗಿದರೆ ಗುರುತು ಬೀಳಲೆಂದು, ಹಿಟ್ಟು ಮೆತ್ತಿದಳು. ಹೊರಗೆ ಬಂದು, ಬೀಸುಕಲ್ಲು ತಿರುಗಿಸುವ ತೋಳಿನಿಂದ ಸ್ಟೇರಿಂಗನ್ನು ಎಡಕ್ಕೆ ಎಳೆದಳು. ಮತ್ತೆ ತೂರಿ ನೋಡಿದರೆ ಹಿಟ್ಟು ಬೆರಳು ದಪ್ಪ ಉಳಿದಿತ್ತು. ಖಾಲಿ ಕಾರಿನಲ್ಲಿ ಗಂಡನ ಮಾತೇ ಸರಿ.

ಆದರೆ ಘಟ್ಟ ಇಳಿಯುವುದು ಖಾಲಿ ಕಾರಲ್ಲ. ಸೇದಿಟ್ಟ ಕೊಡಗಳನ್ನು ಒಂದೊಂದಾಗಿ ತಂದು ಕಾರಿನೊಳಗೆ ಇಟ್ಟಳು. ಏಳು ಸಾಲಲಿಲ್ಲ ಅನ್ನಿಸಿತು. ಪೂಜೆಯ ಕೊಡವನ್ನೂ ತಂದಳು. ಬಾಗಿಲಲ್ಲಿ ನಿಂತು ಮತ್ತೆ ಸ್ಟೇರಿಂಗ್ ಎಳೆದಳು. ತೂರಿ ನೋಡಿದರೆ, ಭಾರಕ್ಕೆ ಗಾಡಿ ತಗ್ಗಿ ಈ ಸಲ ಹಿಟ್ಟು ಹರಿದು ಎರಡು ತುಂಡಾಗಿತ್ತು; ನಡುವೆ ರಾಡು ಚೇಂಬರಿಗೆ ತಾಗಿ ಕೂತಿತ್ತು. ತಪ್ಪು ಸ್ಟೇರಿಂಗಿನದಲ್ಲ, ತೆಳು ರಬ್ಬರಿನಿಂದ ಕೆಳಗೆ ಕುಸಿದ ಎಂಜಿನ್ನಿನದು.

ಬೆಳಕು ಹರಿಯುವಾಗ ಡ್ರೈವರ್ ಕೆರಿಯಪ್ಪ ಬಂದ.

"ಎಂತದ್ರಾ ಅಕ್ಕೋರೇ, ಕುಮಟೆಗೆ ನೀರು ಮಾರೂಕೆ ಹೊಂಟ್ರಾ?"

"ಗಾಡಿ ಹೋಗಂಗಿಲ್ಲ, ಕೆರಿಯಪ್ಪ. ತಿರುವಿನ್ಯಾಗ ಸ್ಟೇರಿಂಗ್ ಹಿಡೀತದ."

ಅವನ ನಗು ನಿಂತಿತು. "ನಿನ್ನೆ ಸಂಜೀಗೆ ಅಣ್ಣ ಗಾಡಿ ತಯಾರದೆ ಅಂದಿದ್ರಲ. ಸಾಹುಕಾರ್ರಿಗೆ ಎಂತ ಹೇಳೂದು? ಇದು ಯಾರು ಹೇಳಿದ್ದು?"

ಹನ್ನೆರಡು ವರ್ಷದಲ್ಲಿ ಅವಳ ಕಿವಿ ಹಿಡಿದ ದೋಷಗಳೆಲ್ಲ ಗಂಡನ ಲೆಕ್ಕದಲ್ಲಿ, "ಅವರು ಹೇಳ್ಯಾರ" ಎಂದೇ ಈ ಅಂಗಳ ದಾಟಿದ್ದವು. ಇವತ್ತು ಆ ಮಾತಿಗೆ ದಾರಿಯಿರಲಿಲ್ಲ. ಅವರು ಬೇರೆಯೇ ಹೇಳಿ ಹೋಗಿದ್ದರು. ಚಾವಿ ಕೊಟ್ಟರೆ ಗಂಡನ ಮಾತು ಉಳಿಯುತ್ತಿತ್ತು. ಒಳಗೆ ಮಾವ ಪೂಜೆಗೆ ನೀರು ಕೇಳುತ್ತಿದ್ದರು.

ಅವಳು ಚಾವಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನಾನು. ಗುರುಶಾಂತವ್ವ ಹೇಳ್ಯಾಳ ಅಂತ ಹೇಳು."