ಬೆನ್ನಿಗೆ ಹಾಕುವ ಸೂಜಿ

ಸಿಸೇರಿಯನ್ ಆದಾಗ ನನ್ನ ಬೆನ್ನಿಗೆ ಸೂಜಿ ಹಾಕಿದ್ದರು. ಆಮೇಲೆ ಸೊಂಟ ಹಿಡಿದಾಗಲೆಲ್ಲ ತಪ್ಪು ಆ ಸೂಜಿಯದೇ. ಕಾಮೋಠೆಯ ನಮ್ಮ ಬಿಲ್ಡಿಂಗಿನ ಹೆಂಗಸರಲ್ಲಿ ಈ ವಿಷಯಕ್ಕೆ ಎರಡು ಮಾತಿರಲಿಲ್ಲ. ಪನ್ವೇಲ್ ಲೋಕಲ್ ರೈಲಿನಲ್ಲಿ ನಿಂತೂ ನಿಂತೂ ಸೊಂಟ ಬಿದ್ದುಹೋದವರೂ ಸೂಜಿಯನ್ನೇ ಬೈಯುತ್ತಿದ್ದರು.

ಹೀಗಿರುವಾಗ ನಾಲ್ಕು ವರ್ಷದ ಮಗಳಿಗೆ ಹರ್ನಿಯಾ ಆಪರೇಷನ್ ಎಂದಾಯಿತು. ಅರಿವಳಿಕೆಯ ಡಾಕ್ಟರು ಹಿಂದಿನ ದಿನ ನನ್ನನ್ನೂ ಅತ್ತೆಯನ್ನೂ ಕೂರಿಸಿಕೊಂಡು ವಿವರಿಸಿದರು. ಮಗು ನಿದ್ದೆ ಹೋದ ಮೇಲೆ, ಎದ್ದಾಗ ನೋಯದಂತೆ ಇನ್ನೊಂದು ಇಂಜೆಕ್ಷನ್ ಕೊಡುತ್ತಾರಂತೆ. ತೊಡೆಸಂದಿಯ ನರದ ಬಳಿ ಕೊಟ್ಟರೆ ಕಾಲು ಸಾಮಾನ್ಯವಾಗಿ ಆಡುತ್ತಲೇ ಇರುತ್ತದೆ, ಆದರೆ ಒಳಗಿನ ನೋವು ಪೂರ್ತಿ ಹೋಗದಿರಬಹುದು. ಬೆನ್ನಿನ ಕೆಳತುದಿಯಲ್ಲಿ ಕೊಟ್ಟರೆ ನೋವು ಚೆನ್ನಾಗಿ ನಿಲ್ಲುತ್ತದೆ, ಆದರೆ ಸ್ವಲ್ಪ ಹೊತ್ತು ಕಾಲು ಮರಗಟ್ಟಬಹುದು. ಹರ್ನಿಯಾ ಎರಡೂ ಕಡೆ ಇದ್ದುದರಿಂದ ಬೆನ್ನೇ ವಾಸಿ ಎಂದರು.

ನನ್ನ ಕಿವಿಗೆ ಬಿದ್ದದ್ದು ಬೆನ್ನು ಎಂಬ ಒಂದೇ ಮಾತು. ಹೊರಗೆ ಬಂದೊಡನೆ ಉಡುಪಿ ಕಡೆಯ ನನ್ನ ಅತ್ತೆ ಕೈ ಹಿಡಿದರು.

"ಬೆನ್ನಿಗೆ ಮಾತ್ರ ಬೇಡ ಮಾರಾಯ್ತಿ. ನಿನ್ನ ಸೊಂಟದ ಅವಸ್ಥೆ ಕಾಣ್ತಾ ಉಂಟಲ್ಲ."

ಹೆದರಿದರೆ ನನಗೆ ಸಿಟ್ಟು ಬರುತ್ತದೆ. "ಹಾಗಾದ್ರೆ ಮಗು ನೋವು ತಿನ್ಲಿ ಅಂತೀರಾ?" ಎಂದುಬಿಟ್ಟೆ. ಅವರು ಹಿಡಿದ ಕೈ ಬಿಟ್ಟರು. ನಾನು ಬೆನ್ನಿಗೇ ಒಪ್ಪಿದೆ.

ಆಪರೇಷನ್ ಮುಗಿದು ಮಗಳು ವಾರ್ಡಿನಲ್ಲಿ ಕಣ್ಣುಬಿಟ್ಟಳು. ಅಳಲಿಲ್ಲ, ನೀರು ಕೇಳಿದಳು. ಖುಷಿಪಡಬೇಕಿತ್ತು. ಆದರೆ ಆ ಪುಟ್ಟ ಕಾಲುಗಳು ಯಾರದೋ ಎಂಬಂತೆ ಹಾಸಿಗೆಯ ಮೇಲೆ ಬಿದ್ದಿದ್ದವು. ಮರಗಟ್ಟುತ್ತದೆ ಎಂದು ಡಾಕ್ಟರು ಹೇಳಿದ್ದರು, ನರ್ಸೂ ಹೇಳಿದಳು. ತಲೆಗೆ ಗೊತ್ತಿತ್ತು, ಜೀವ ಮಾತ್ರ ಬಾಯಿಗೆ ಬಂದಿತ್ತು. ಇವಳು ಇನ್ನು ನಡೆಯದಿದ್ದರೆ? ಒಪ್ಪಿದವಳು ನಾನು. ಅತ್ತೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಜಗಳವನ್ನಾದರೂ ಆಡಬಹುದಿತ್ತು.

ಅವರು ಚಹಾ ತರಲು ಹೋದಾಗ ನಾನು ಚಾದರದೊಳಗೆ ಕೈ ತೂರಿಸಿ ಮಗಳ ಅಂಗಾಲು ಕೆರೆದೆ. ಬೆರಳೂ ಅಲುಗಲಿಲ್ಲ. ಗಂಟೆಯೊಂದು ಕಳೆದ ಮೇಲೆ ಬಾತ್‌ರೂಮಿಗೆ ಹೋಗಿ ಮುಖ ತೊಳೆದು ಬಂದರೆ ಅತ್ತೆ ಅದೇ ಚಾದರ ಸರಿಮಾಡುತ್ತಿದ್ದರು.

"ಮಗುವಿಗೆ ಚಳಿ ಆಗ್ತದೆ," ಎಂದು ಕಿಟಕಿಯ ಕಡೆ ತಿರುಗಿದರು. ನಾನು ಮತ್ತೆ ಕೈ ತೂರಿಸಿದೆ.

"ಗುದ್‌ಗುದಿ ಮತ್ ಕರೋ ನಾ," ಎಂದಳು ಮಗಳು. ಕನ್ನಡದಲ್ಲಿ ಮಾತಾಡಿಸಿದರೂ ಹಿಂದಿಯಲ್ಲೇ ಉತ್ತರಿಸುವವಳು. "ಪೆಹಲೇ ಅಜ್ಜಿ, ಅಬ್ ತುಮ್."

ಕಚಗುಳಿ! ಮೊದಲು ಅಜ್ಜಿ, ಈಗ ನಾನು. ಅತ್ತೆ ಮತ್ತು ನಾನು ಮುಖ ಮುಖ ನೋಡಿಕೊಂಡೆವು. ಇನ್ನೊಮ್ಮೆ ಅಂಗಾಲು ಮುಟ್ಟಿದೆ. ಮಗಳು ಸಿಟ್ಟಿನಿಂದ ಕಾಲೆಳೆದುಕೊಂಡು ನನ್ನ ಕೈಗೆ ಒದ್ದಳು.

"ಇನ್ನೊಂದು ಸಲ ಒದಿ ಮಗಾ," ಎಂದರು ಅತ್ತೆ, ಅಳುತ್ತಾ.