ನಾಲ್ಕನೇ ನಂಬರಿನ ಲಾಕು

ರಮಾಮಣಿ ತನ್ನ ಸಿಟ್ಟನ್ನು ಎರಡು ವರ್ಷ ಕಾಪಾಡಿಕೊಂಡು ಬಂದಳು, ಹೆಪ್ಪಿಗೆಂದು ಎತ್ತಿಟ್ಟ ಮೊಸರಿನ ಹಾಗೆ.

ಮೈಸೂರಿನವಳು, ಮದುವೆಯಾಗಿ ಚೆಂಬೂರಿಗೆ ಬಂದವಳು. ಪವಾಯಿಯ ಒಂದು ಎಂಜಿನಿಯರಿಂಗ್ ಕಂಪನಿಯಲ್ಲಿ ಹನ್ನೆರಡು ವರ್ಷದಿಂದ ಕ್ಲಾರ್ಕು. ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ಸಾಫ್ಟ್‌ವೇರ್ ಬಂದಾಗ ಅದರ ಜೊತೆ ಆರು ಲಾಕು ಬಂದವು. ಬೆಂಕಿಪೊಟ್ಟಣದಷ್ಟು ಪೆಟ್ಟಿಗೆ, ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸದಿದ್ದರೆ ಸಾಫ್ಟ್‌ವೇರ್ ತೆರೆಯುವುದೇ ಇಲ್ಲ. ಪೈಪಿನವರು, ಕಟ್ಟಡದವರು, ಕರೆಂಟಿನವರು ಎಂದು ಮೂರು ಗುಂಪು, ಇಪ್ಪತ್ತೆರಡು ಜನ, ಆರೇ ಲಾಕು. ಬೆಳಿಗ್ಗೆ ಸಹಿ ಮಾಡಿಸಿಕೊಂಡು ಕೊಡುವುದು, ಸಂಜೆ ಎಣಿಸಿ ಬೀರುವಿನಲ್ಲಿಡುವುದು ರಮಾಮಣಿಯ ಕೆಲಸ. ಸಹಿ ಇಲ್ಲದೆ ಯಾರಿಗೂ ಕೊಟ್ಟವಳಲ್ಲ.

ಒಬ್ಬರಿಗೆ ಮಾತ್ರ ಕೊಟ್ಟಳು. ಮ್ಯಾನೇಜರ್ ಜಯಸಿಂಹ ಅವಳ ಊರಿನವರೇ, ತಂದೆಗೆ ಪರಿಚಯದವರು. ತೊಂಬತ್ತರ ಮಾರ್ಚಿನ ಒಂದು ಶುಕ್ರವಾರ ಬಂದು, "ನಾಲ್ಕನೇದು ಕೊಡಮ್ಮ, ಊಟ ಆದ್ಮೇಲೆ ಸೈನ್ ಮಾಡ್ತೀನಿ" ಎಂದರು. ಊರಿನ ಹಿರಿಯರ ಮುಂದೆ ರಿಜಿಸ್ಟರ್ ಚಾಚಲು ಇವಳಿಗೆ ಸಂಕೋಚ. ಊಟಕ್ಕೆ ಹೋದವರು ಅಂದು ತಿರುಗಿ ಬರಲಿಲ್ಲ. ಸೋಮವಾರ ಕೇಳಿದರೆ, "ನಾನ್ಯಾವಾಗ ತಗೊಂಡೆ? ರಿಜಿಸ್ಟರ್ ತೋರ್ಸು" ಎಂದುಬಿಟ್ಟರು. ಎಂಥ ಮನುಷ್ಯ ನೋಡಿ. ಸಾಲದ್ದಕ್ಕೆ ಬೇಜವಾಬ್ದಾರಿಯೆಂದು ಮೆಮೋವನ್ನೂ ತಾವೇ ಬರೆದರು. ಮೆಮೋ ಫೈಲಿನಲ್ಲಿ ಕೂತಿತು. ಅವಳಿಗೆ ಬರಬೇಕಿದ್ದ ಸೂಪರ್‌ವೈಸರ್ ಕೆಲಸ ಬೇರೆಯವರ ಪಾಲಾಯಿತು. ಲಾಕು ಕಳೆದವಳು ಎಂಬ ಹೆಸರು ಕ್ಯಾಂಟೀನಿನವರೆಗೂ ಹಬ್ಬಿತು. ಆ ಮೆಮೋ ತೆಗೆಸದೆ ಈ ಆಫೀಸು ಬಿಡುವುದಿಲ್ಲ ಎಂದು ಅವಳು ಹಟ ಹಿಡಿದಳು.

ಲಾಕು ಎಲ್ಲಿದೆಯೆಂದು ಆರು ತಿಂಗಳಲ್ಲೇ ತಿಳಿಯಿತು. ಜೋಗೇಶ್ವರಿಯಲ್ಲಿ ಜಯಸಿಂಹರ ಭಾವಮೈದ ನಾಣಿಯ ವರ್ಕ್‌ಶಾಪ್ ಇತ್ತು. ಅಲ್ಲಿಯ ಕಂಪ್ಯೂಟರಿಗೂ ಇಲ್ಲಿಯದಕ್ಕೂ ರಿಪೇರಿಯವನು ಒಬ್ಬನೇ. ಇವಳ ಕೈಬರಹದ ಚೀಟಿ ಅಂಟಿಸಿದ ಲಾಕನ್ನು ಅಲ್ಲಿ ನೋಡಿದೆನೆಂದು ಅವನೇ ಹೇಳಿದ. ಕೂಗಾಡಿದರೆ ಆ ಲಾಕು ಮಾಯವಾಗುತ್ತದೆ, ಆಮೇಲೆ ಸಾಕ್ಷಿ ಏನು? ರಮಾಮಣಿ ಸಮಯ ಕಾದಳು.

ತೊಂಬತ್ತೆರಡರಲ್ಲಿ ಸಾಫ್ಟ್‌ವೇರ್ ಮಾರಿದವರ ಕಾಗದ ಬಂತು. ಮಾರ್ಚ್ ಕೊನೆಗೆ ಲಾಕುಗಳೆಲ್ಲ ನಿಲ್ಲುತ್ತವೆ. ಪ್ರತಿ ಲಾಕಿಗೂ ಹೊಸ ಕೀ ನಂಬರ್ ಬೇಕು. ಲಾಕು ಯಾರ ವಶದಲ್ಲಿದೆಯೋ ಅವರೇ ಫಾರಂ ತುಂಬಿ ಸಹಿ ಮಾಡಬೇಕು. ಅವಳು ಅದನ್ನು ಮೂರು ಸಲ ಓದಿದಳು. ಐದು ಫಾರಂ ಕಳಿಸಿ ಆರನೆಯದನ್ನು ಡ್ರಾಯರಿನಲ್ಲಿಟ್ಟಳು. ಬರಲಿ, ಬರದೆ ಎಲ್ಲಿಗೆ ಹೋಗುತ್ತಾನೆ.

ಏಪ್ರಿಲ್ ಮೂರರಂದು ಜಯಸಿಂಹ ಬಂದರು. ಅದೂ ಶುಕ್ರವಾರವೇ.

"ರಮಾಮಣಿ, ನಾಲ್ಕನೇದಕ್ಕೂ ಒಂದು ಕೀ ತರಿಸಿಬಿಡಮ್ಮ."

"ಅದು ಕಳೆದುಹೋಗಿದೆಯಲ್ಲ ಸರ್. ಮೆಮೋದಲ್ಲಿ ನೀವೇ ಬರೆದಿದ್ದೀರಿ."

ಅವರು ದನಿ ತಗ್ಗಿಸಿದರು. "ನಾಣಿ ಕೆಲಸ ನಿಂತುಹೋಗಿದೆ. ಬುಧವಾರ ನಕ್ಷೆ ಕೊಡದಿದ್ರೆ ಕಾಂಟ್ರ್ಯಾಕ್ಟ್ ಕೈ ಬಿಡುತ್ತೆ. ನಮ್ಮೂರವಳು ನೀನು."

"ಮೆಮೋ ಕೊಟ್ಟ ದಿನಾನೂ ನಿಮ್ಮೂರವಳೇ ಆಗಿದ್ದೆ ಸರ್. ಫಾರಂ ತುಂಬಿ."

ಹೊರಗಿನವರಿಗೆ ಹೋಗುವ ಕಾಗದ, ಇಲ್ಲಿ ಯಾರು ನೋಡುತ್ತಾರೆ ಎಂದುಕೊಂಡಿರಬೇಕು. ಜಯಸಿಂಹ 'ನನ್ನ ವಶದಲ್ಲಿದೆ' ಎಂದು ಬರೆದು, ಒತ್ತಿ ಸಹಿ ಮಾಡಿದರು. ಕೆಳಗೆ ಕಾರ್ಬನ್, ಅದರಡಿ ಹಳದಿ ಹಾಳೆ ಇತ್ತು. ಹೊರಗೆ ಹೋಗುವ ಪ್ರತಿ ಕಾಗದದ ಹಳದಿ ಪ್ರತಿ ಎಂ.ಡಿ. ಮೇಜಿಗೆ ಹೋಗಬೇಕೆಂಬ ನಿಯಮ ಇತ್ತು, ಮೆಮೋ ಬರೆದ ವಾರ ಜಯಸಿಂಹರೇ ಮಾಡಿದ್ದು. ತಾವು ಮಾಡಿದ್ದೇ ಅವರಿಗೆ ಮರೆತುಹೋಗಿತ್ತು.

ರಮಾಮಣಿ ಹಳದಿ ಪ್ರತಿಗೆ ತನ್ನ ಮೆಮೋ ಪಿನ್ ಮಾಡಿ ಒಳಗೆ ಕಳಿಸಿದಳು. ಬಿಳಿಯದನ್ನು ಅಂಚೆಗೆ ಹಾಕಲೇ ಇಲ್ಲ. ನಾಣಿಯ ಕಾಂಟ್ರ್ಯಾಕ್ಟ್ ಹೋದರೆ ಹೋಗಲಿ, ಆ ಪಾಪವೂ ತನಗೇ ಇರಲಿ ಎಂದುಕೊಂಡಳು. ಅವಳಿಗೆ ಒಳಗೊಳಗೇ ಖುಷಿಯಾಗಿತ್ತು.

ಸೋಮವಾರ ಎಂ.ಡಿ. ಜಯಸಿಂಹರನ್ನು ಕರೆಸಿ, ಬಾಗಿಲು ಹಾಕಿಕೊಂಡು ಒಂದು ಗಂಟೆ ಮಾತಾಡಿದರು. ಮೆಮೋ ರದ್ದಾಯಿತು. ಜಯಸಿಂಹ ಲಾಕು ತರಲು ಆಗಿಂದಾಗಲೇ ಜೋಗೇಶ್ವರಿಗೆ ಓಡಿದರು. ಮಧ್ಯಾಹ್ನ ಎರಡೂವರೆಗೆ ಬೆವರುತ್ತ ಬಂದು, ಇಡೀ ಸೆಕ್ಷನ್ ನೋಡುತ್ತಿದ್ದಂತೆ ಲಾಕನ್ನು ಅವಳ ಮೇಜಿನ ಮೇಲಿಟ್ಟರು.

ರಮಾಮಣಿ ತೊಂಬತ್ತರ ರಿಜಿಸ್ಟರ್ ತೆಗೆದು, ಎರಡು ವರ್ಷದಿಂದ ಖಾಲಿ ಇದ್ದ ಸಾಲಿನ ಮೇಲೆ ಬೆರಳಿಟ್ಟು, ಪೆನ್ನು ಚಾಚಿದಳು.

"ಊಟ ಆಯ್ತಲ್ವಾ ಸರ್? ಸೈನ್ ಮಾಡಿ."